ಗುಲಾಬಿ ಬಣ್ಣದ ಲೆಡ್ಜರು



ಕಣ್ಣಿನ ವಿಷಯವನ್ನು ಕಿವಿಗೆ ಹೇಳಬೇಕು ಅಂದಾಗ ನನಗೆ ಮೊದಲು ನಗು ಬಂತು. ಆಮೇಲೆ ಇದೇ ಸರಿ ಅನ್ನಿಸಿತು. ಟಿ.ವಿ.ಯಲ್ಲಿ ಹೇಳಿದ್ದರೆ ನೀವು ಇನ್ನೊಂದು ಕಾಲು ಗಂಟೆ ಪರದೆಯ ಮುಂದೆ ಕೂರಬೇಕಾಗುತ್ತಿತ್ತು. ದಿನವಿಡೀ ಕೂತದ್ದು ಸಾಲದೆ?

ನಾನಿರುವುದು ಮುಂಬಯಿಯ ಬೊರಿವಲಿಯಲ್ಲಿ. ನಮ್ಮ ಕಟ್ಟಡದಲ್ಲಿ ಪರದೆ ನೋಡಿಯೇ ಹೊಟ್ಟೆ ಹೊರೆಯುವವರು ಮಹಡಿಗೆ ಇಬ್ಬರಾದರೂ ಇದ್ದಾರೆ. ಮಾಲಾಡಿನ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿ, ಗೋರೆಗಾಂವಿನಲ್ಲಿ ಧಾರಾವಾಹಿ ಎಡಿಟ್ ಮಾಡುವವನು, ಮಾಲ್‌ನ ಸಿಸಿಟಿವಿ ಕೋಣೆಯಲ್ಲಿ ಕೂರುವ ವಾಚ್‌ಮನ್, ಹೋಟೆಲಿನ ಗಲ್ಲಾದಲ್ಲಿ ಬಿಲ್ಲಿಂಗ್ ಮಷಿನ್ ಎದುರು ಕೂರುವ ಶೆಟ್ರು. ನಾನು ಬ್ಯಾಂಕಿನಲ್ಲಿದ್ದವನು, ನಿವೃತ್ತನಾದ ಮೇಲೆ ಕಣ್ಣಿನ ಬಗ್ಗೆ ಅಷ್ಟಿಷ್ಟು ಓದಿಕೊಂಡವನು ಅನ್ನುವುದು ಗೊತ್ತಿರುವುದರಿಂದ ಲಿಫ್ಟಿನಲ್ಲಿ ಸಿಕ್ಕಾಗ ಕೇಳುತ್ತಾರೆ: "ಅಂಕಲ್, ಕೆಲಸ ಮುಗಿಸಿ ಎದ್ದರೆ ಗೋಡೆ ಮೇಲಕ್ಕೆ ಹೋದ ಹಾಗೆ ಕಾಣುತ್ತದೆ. ನನಗೇನಾದರೂ ಆಗಿದೆಯಾ?" ಏನೂ ಆಗಿರುವುದಿಲ್ಲ, ಹೆಚ್ಚಿನ ಸಲ. ಕಣ್ಣು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಉಳಿದ ಹೊತ್ತಿನಲ್ಲಿ ನಮಗೆ ಕಾಣುವುದಿಲ್ಲ, ಪರದೆ ಬಿಟ್ಟು ಎದ್ದಾಗ ಒಂದು ಗಳಿಗೆ ಕಂಡುಬಿಡುತ್ತದೆ.

ಲೋಕಲ್ ರೈಲಿನ ಕಿಟಕಿಯಿಂದ ಶುರು ಮಾಡೋಣ. ಮುಂಬಯಿಯವರ ಮೊದಲ ಪರದೆ ಅದೇ. ಚರ್ಚ್‌ಗೇಟಿನಿಂದ ಬೊರಿವಲಿಗೆ ಫಾಸ್ಟ್ ಗಾಡಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ನಿಮಗೆ ಕಿಟಕಿ ಸೀಟು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಇಟ್ಟುಕೊಳ್ಳಲು ಏನಡ್ಡಿ, ಸಿಗುವುದಂತೂ ಇಲ್ಲ. ಕಿಟಕಿಯ ಅಡ್ಡ ಸರಳಿನ ಮೇಲೆ ಒಂದು ಕಡೆ ದೃಷ್ಟಿ ನೆಟ್ಟು ಕೂರಿ. ಸರಳಿನಾಚೆ ಹಳಿಯ ಜಲ್ಲಿ ಹಿಂದಕ್ಕೆ ಹರಿಯುತ್ತಿರುತ್ತದೆ. ಕಾಂದಿವಲಿ ದಾಟಿದ ಮೇಲೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ನಿಂತ ಕೂಡಲೇ ಜಲ್ಲಿ ಮುಂದಕ್ಕೆ ತೆವಳತೊಡಗುತ್ತದೆ. ಗಮನಿಸಿ ನೋಡಿದರೆ ಇನ್ನೂ ಒಂದು ವಿಚಿತ್ರ: ಕಲ್ಲುಗಳು ತೆವಳುತ್ತಿವೆ, ಆದರೆ ಯಾವ ಕಲ್ಲೂ ಇದ್ದ ಜಾಗ ಬಿಡುವುದಿಲ್ಲ. ಚಲನೆ ಇದೆ, ಹೋಗುವುದಿಲ್ಲ. ಹತ್ತು ಹದಿನೈದು ಸೆಕೆಂಡಿನಲ್ಲಿ ಎಲ್ಲ ಮೊದಲಿನಂತೆ. ಸರಳು ಬಿಟ್ಟು ಕಲ್ಲುಗಳನ್ನೇ ಹಿಂಬಾಲಿಸಿ ನೋಡಿದವರಿಗೆ ಇದು ಇಷ್ಟು ಚೆನ್ನಾಗಿ ಕಾಣುವುದಿಲ್ಲ. ಕಣ್ಣು ಕಲ್ಲಿನ ಜೊತೆಗೇ ಓಡಿದಾಗ ಒಳಗಿನ ಅಕ್ಷಿಪಟಲದ ಮೇಲೆ, ಅಂದರೆ ರೆಟಿನಾದ ಮೇಲೆ, ಚಿತ್ರ ಅಷ್ಟಾಗಿ ಜಾರುವುದಿಲ್ಲ.

ಪಕ್ಕದ ಹಳಿಯ ಗಾಡಿ ಹೊರಟಾಗ ನಮ್ಮದೇ ಹೊರಟಿತು ಅನ್ನಿಸುವುದುಂಟಲ್ಲ, ಅದು ಬೇರೆ. ಅದರಲ್ಲಿ ಮನಸ್ಸು ಯಾರು ಚಲಿಸಿದರು ಅನ್ನುವ ಲೆಕ್ಕ ತಪ್ಪುತ್ತದೆ. ಇದರಲ್ಲಿ ಯಾರೂ ಚಲಿಸಿಲ್ಲ.

ನಿಂತ ಜಲ್ಲಿ ತೆವಳುವ ಈ ಆಟಕ್ಕೆ ಶಾಸ್ತ್ರದಲ್ಲಿ ಜಲಪಾತದ ಭ್ರಮೆ ಅನ್ನುತ್ತಾರೆ. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬಾತ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತವನ್ನು ದಿಟ್ಟಿಸಿ ನೋಡಿ, ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದರೆ ಬಂಡೆ ಮೇಲಕ್ಕೆ ಏರುವಂತೆ ಕಾಣುತ್ತದೆ ಎಂದು ಬರೆದ. ಅವನಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದೆ ಅರಿಸ್ಟಾಟಲ್ ಹರಿಯುವ ಹೊಳೆಯ ವಿಷಯದಲ್ಲಿ ಇಂಥದ್ದೇ ಮಾತು ಹೇಳಿದ್ದ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ನ್ಯಾಷನಲ್ ಪಾರ್ಕ್. ಅದರೊಳಗೆ ಕಾನ್ಹೇರಿ ಗುಹೆಗಳು. ಜುಲೈ ತಿಂಗಳಲ್ಲಿ ಅಲ್ಲಿನ ಕಪ್ಪು ಬಂಡೆಯ ಮೇಲೆ ಎಲ್ಲೆಂದರಲ್ಲಿ ನೀರು ಧುಮುಕುತ್ತಿರುತ್ತದೆ. ಒಂದು ನಿಮಿಷ ಒಂದೇ ಕಡೆ ನೋಡಿ, ಆಮೇಲೆ ಪಕ್ಕದ ಒಣ ಬಂಡೆ ನೋಡಿ. ಊರಿಗೆ ಹೋದಾಗ ಜೋಗದಲ್ಲೂ ನೋಡಬಹುದು. ಜೋಗ ನೋಡಿ ಬಂದವರಲ್ಲಿ ಎಷ್ಟೋ ಜನ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ನೀರನ್ನು ಒಂದು ನಿಮಿಷವೂ ನೋಡಿರುವುದಿಲ್ಲ ಅನ್ನುವುದು ನನ್ನ ಗುಮಾನಿ.

ಕಾರಣ ಇಷ್ಟು. ಕೆಳಕ್ಕೆ ಸರಿಯುವುದನ್ನು ಕಂಡರೆ ಚುರುಕಾಗುವ ನರಕೋಶಗಳು ಕೆಲವು, ಮೇಲಕ್ಕೆ ಸರಿಯುವುದನ್ನು ಕಂಡರೆ ಚುರುಕಾಗುವವು ಕೆಲವು. ಏನೂ ಸರಿಯದಿದ್ದಾಗ ಎರಡೂ ಸಣ್ಣಗೆ ಗುನುಗುತ್ತಿರುತ್ತವೆ, ತಕ್ಕಡಿ ಸಮವಾಗಿರುತ್ತದೆ. ಒಂದು ನಿಮಿಷ ನೀರು ಕೆಳಕ್ಕೆ ಬಿದ್ದದ್ದನ್ನೇ ನೋಡಿದಾಗ ಕೆಳಮುಖದ ಕೋಶಗಳು ದಣಿಯುತ್ತವೆ. ಬಂಡೆ ನೋಡಿದಾಗ ಅವು ಸುಮ್ಮನಾಗಿ ಮೇಲ್ಮುಖದ ತಟ್ಟೆ ತೂಗಿಬಿಡುತ್ತದೆ. 1963ರಲ್ಲಿ ಬಾರ್ಲೋ ಮತ್ತು ಹಿಲ್ ಎಂಬ ವಿಜ್ಞಾನಿಗಳು ಮೊಲದ ರೆಟಿನಾದ ಕೋಶಗಳಲ್ಲಿ ಈ ದಣಿವನ್ನೇ ಅಳೆದು ತೋರಿಸಿದರು. ನಮ್ಮ ರಾತ್ರಿ ಪಾಳಿಯ ಹುಡುಗಿಯ ಗೋಡೆ ಮೇಲಕ್ಕೆ ಏರುವುದಕ್ಕೂ ಇದೇ ಕಾರಣ: ಅವಳು ರಾತ್ರಿಯಿಡೀ ಗ್ರಾಹಕರ ಪಟ್ಟಿಯನ್ನು ಒಂದೇ ದಿಕ್ಕಿಗೆ ಸರಿಸುತ್ತಿರುತ್ತಾಳೆ. ರೀಲ್ಸ್ ನೋಡುವವರಿಗೆ ಇಷ್ಟು ಆಗುವುದಿಲ್ಲ, ಅವು ನಿಂತು ನಿಂತು ಸರಿಯುತ್ತವೆ. ಸಿನಿಮಾ ಮುಗಿದ ಮೇಲೆ ಹೆಸರುಗಳ ಸಾಲು ಕೊನೆಯವರೆಗೂ ನೋಡುವ ನನ್ನಂಥವರಿಗೆ ಚೆನ್ನಾಗಿಯೇ ಆಗುತ್ತದೆ.

ಈಗ ಲೆಡ್ಜರಿನ ಸಂಗತಿ.

ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಅದರ ಹಿಂದೆಯೇ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಮಷಿನ್‌ಗಳು ಬಂದವು. ಎ.ಎಲ್.ಪಿ.ಎಂ. ಅನ್ನುತ್ತಿದ್ದೆವು. ನಾನು ಕೂತಿದ್ದ ಶಾಖೆಗೆ ಬಂದದ್ದರ ಪರದೆ ಕಪ್ಪು, ಅದರ ಮೇಲೆ ಹಸಿರು ಅಕ್ಷರ. ಅಡ್ಡಕ್ಕೆ 80 ಅಕ್ಷರ, ಕೆಳಕ್ಕೆ 25 ಸಾಲು. ಹಳೆಯ ಲೆಡ್ಜರುಗಳೂ ಇನ್ನೂ ಜೀವಂತ ಇದ್ದ ಕಾಲ ಅದು. ಮಷಿನ್ ನಂಬುವಂತಿಲ್ಲ ಅಂತ ಎರಡರಲ್ಲೂ ಬರೆಯುವುದು. ಸಂಜೆ ಬ್ಯಾಲೆನ್ಸ್ ತಾಳೆ ನೋಡಲು ಲೆಡ್ಜರ್ ತೆರೆದರೆ ಬಿಳಿ ಹಾಳೆ ನಸುಗುಲಾಬಿ. ಪಕ್ಕದವರನ್ನು ಕೇಳಿದರೆ, "ನಿಮಗೂ ಹಾಗೇ ಕಾಣುತ್ತದಾ?" ಅಂತ ಅವರೇ ನನ್ನನ್ನು ಕೇಳಿದರು. ಪರದೆಯಿಂದ ರೇಡಿಯೇಶನ್ ಬರುತ್ತದೆ, ಕಣ್ಣು ಹೋಗುತ್ತದೆ ಅನ್ನುವ ಮಾತು ಯೂನಿಯನ್ ಸಭೆಯಲ್ಲಿ ಎದ್ದಿತು. ಪರದೆಯ ಮುಂದೆ ನೇತುಹಾಕುವ ಕಪ್ಪು ಗಾಜು ಬಂತು. ಕ್ಯಾರೆಟ್ ತಿನ್ನಿ ಅಂದವರೂ ಇದ್ದರು. ಲೆಡ್ಜರಿನ ಬಣ್ಣ ಬದಲಾಗಲಿಲ್ಲ.

ಇದರಲ್ಲಿ ಅರ್ಧ ಸುಲಭ. ರೆಟಿನಾದಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳ ಪೈಕಿ ಹಸಿರಿಗೆ ಸ್ಪಂದಿಸುವವು ದಣಿದಿರುವಾಗ ಬಿಳಿ ಹಾಳೆ ನೋಡಿದರೆ ಬಿಳಿಯೊಳಗಿನ ಹಸಿರಿನ ಪಾಲು ಕಡಿಮೆಯಾಗಿ ಮಿಕ್ಕದ್ದು ಗುಲಾಬಿಯಾಗಿ ಕಾಣುತ್ತದೆ. ಕೆಂಪು ರಕ್ತ ನೋಡಿ ನೋಡಿ ಸರ್ಜನ್ನರಿಗೆ ಬಿಳಿ ಬಟ್ಟೆಯ ಮೇಲೆ ಹಸಿರು ಕಲೆ ಕಾಣುತ್ತಿದ್ದುದೂ ಇದೇ. ಆಪರೇಷನ್ ಕೋಣೆಗೆ ಹಸಿರು ಬಟ್ಟೆ ಒಗ್ಗಿಬಂದುದಕ್ಕೆ ಇದೂ ಒಂದು ಕಾರಣ. ಆದರೆ ಈ ದಣಿವು ಕೆಲವು ನಿಮಿಷಗಳದ್ದು. ನಮ್ಮ ಗುಲಾಬಿ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆಯೂ ಇರುತ್ತಿತ್ತು. ಇನ್ನೊಂದು ವಿಷಯ: ಗೆರೆ ಹಾಕಿದ ಹಾಳೆ ಗುಲಾಬಿ, ಸುಣ್ಣದ ಗೋಡೆ ಬಿಳಿಯೇ. ಲೆಡ್ಜರನ್ನು ಕಾಲು ಸುತ್ತು ತಿರುಗಿಸಿ, ಗೆರೆಗಳು ನೆಟ್ಟಗೆ ನಿಲ್ಲುವಂತೆ ಹಿಡಿದರೆ ಗುಲಾಬಿ ಮಾಯ. ಮತ್ತೆ ತಿರುಗಿಸಿದರೆ ಹಾಜರು. ಮ್ಯಾನೇಜರ್ ಇಲ್ಲದ ಹೊತ್ತಿನಲ್ಲಿ ಇದು ನಮ್ಮ ಆಟವಾಗಿತ್ತು.

ಉತ್ತರ ಎಷ್ಟೋ ವರ್ಷದ ಮೇಲೆ ಓದಲು ಸಿಕ್ಕಿತು. ಸೆಲೆಸ್ಟ್ ಮೆಕಲೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1965ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದಿದ್ದರು. ಕಿತ್ತಳೆ-ಕಪ್ಪಿನ ನೆಟ್ಟ ಗೆರೆಗಳು, ನೀಲಿ-ಕಪ್ಪಿನ ಅಡ್ಡ ಗೆರೆಗಳು, ಒಂದಾದ ಮೇಲೊಂದರಂತೆ ಕೆಲವು ನಿಮಿಷ ತೋರಿಸುವುದು. ಆಮೇಲೆ ಬರೀ ಕಪ್ಪು-ಬಿಳಿ ಗೆರೆಗಳನ್ನು ತೋರಿಸಿದರೆ ನೆಟ್ಟಗೆರೆಗಳ ಬಿಳಿಯಲ್ಲಿ ನೀಲಿಹಸಿರಿನ ಛಾಯೆ, ಅಡ್ಡಗೆರೆಗಳ ಬಿಳಿಯಲ್ಲಿ ಕಿತ್ತಳೆಯ ಛಾಯೆ. ಅಂದರೆ ದೃಷ್ಟಿಯ ವ್ಯವಸ್ಥೆ ಬಣ್ಣವನ್ನು ಗೆರೆಯ ದಿಕ್ಕಿನ ಜೊತೆ ಸೇರಿಸಿ ಗಂಟು ಹಾಕಿಕೊಂಡಿರುತ್ತದೆ. ಹಸಿರು ಅಕ್ಷರದ ಇಪ್ಪತ್ತೈದು ಸಾಲು ಅಂದರೆ ಹಸಿರು ಅಡ್ಡಗೆರೆಗಳೇ ತಾನೆ? ದಿನಕ್ಕೆ ಆರು ಗಂಟೆ ಅದನ್ನೇ ನೋಡಿದವರಿಗೆ, ಅಡ್ಡಗೆರೆ ಕಂಡಲ್ಲೆಲ್ಲ ಹಸಿರನ್ನು ಕಳೆದುಬಿಡು ಎಂದು ಮೆದುಳು ತೀರ್ಮಾನಿಸಿತ್ತು. ವಿದೇಶಗಳಲ್ಲಿ ಹಸಿರು ಪರದೆಯ ಮುಂದೆ ಕೂತವರಿಗೂ ಹೀಗೇ ಆಗಿತ್ತು. ಐಬಿಎಂ ಲಾಂಛನದ ಮೂರು ಅಕ್ಷರಗಳು 1972ರಿಂದ ಎಂಟು ಅಡ್ಡಪಟ್ಟಿಗಳಲ್ಲಿ ಬರುತ್ತಿವೆ. ಫ್ಲಾಪಿ ಡಿಸ್ಕಿನ ಹೊದಿಕೆಯ ಮೇಲಿನ ಆ ಬಿಳಿ ಪಟ್ಟಿಗಳು ಕೆಲಸಗಾರರಿಗೆ ಗುಲಾಬಿಯಾಗಿ ಕಾಣುತ್ತಿದ್ದವಂತೆ. ಈ ಛಾಯೆ ಎಷ್ಟು ದಿನ ಇರುತ್ತದೆ ಅನ್ನುವುದನ್ನೂ ಪರೀಕ್ಷಿಸಿದ್ದಾರೆ. 1975ರಲ್ಲಿ ಪ್ರಕಟವಾದ ಜೋನ್ಸ್ ಮತ್ತು ಹೋಲ್ಡಿಂಗ್ ಅವರ ಅಧ್ಯಯನದಲ್ಲಿ, ಹದಿನೈದು ನಿಮಿಷ ಗೆರೆ ನೋಡಿದವರಲ್ಲಿ ಅದರ ಪರಿಣಾಮ ಮೂರೂವರೆ ತಿಂಗಳವರೆಗೂ ಉಳಿದದ್ದುಂಟು. ಆದ್ದರಿಂದ ಮೊಬೈಲಿನಲ್ಲಿ ಹುಡುಕಿ ಮಾಡಿ ನೋಡಿ ಅಂತ ನಾನು ಹೇಳುವುದಿಲ್ಲ. ಕಣ್ಣಿಗೆ ತೊಂದರೆಯೇನೂ ಇಲ್ಲ, ಆದರೆ ಮೂರು ತಿಂಗಳು ನನ್ನನ್ನು ಬೈಯುತ್ತಿರುತ್ತೀರಿ.

ಬ್ಯಾಂಕಿನ ಪರದೆಗೂ ಮೊದಲು ಮನೆಯ ಪರದೆ ಇತ್ತಲ್ಲ. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಕಪ್ಪು ಬಿಳುಪಿನ ಟಿ.ವಿ.ಗೆ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಕಲರ್ ಬಂತು ಅಂತ ಖುಷಿಪಟ್ಟವರನ್ನು ನಾನು ಕಂಡಿದ್ದೇನೆ. ಆ ಡಬ್ಬಿ ಟಿ.ವಿ.ಯ ಎದುರು ಕೂತು ಚಕ್ಕುಲಿ ತಿಂದ ನೆನಪು ನಿಮಗಿದೆಯೇ? ಚಕ್ಕುಲಿ ಕಟುಂ ಅಂದ ಕೂಡಲೇ ಪರದೆಯ ಚಿತ್ರ ಮಾತ್ರ ಸೊಟ್ಟಗಾಗಿ ನಡುಗುತ್ತದೆ. ಟಿ.ವಿ.ಯ ಡಬ್ಬಿ, ಮೇಲಿನ ಕ್ಯಾಲೆಂಡರು, ಪಕ್ಕದ ಹೂದಾನಿ ಅಲ್ಲಾಡುವುದಿಲ್ಲ. ಕಾರಣ, ಆ ಪರದೆಯಲ್ಲಿ ಚಿತ್ರ ಅನ್ನುವುದು ಯಾವ ಗಳಿಗೆಯಲ್ಲೂ ಇಡಿಯಾಗಿ ಇರುತ್ತಿರಲಿಲ್ಲ. ಒಂದು ಎಲೆಕ್ಟ್ರಾನ್ ಕಿರಣ 625 ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಎಳೆಯುತ್ತಿತ್ತು, ಸೆಕೆಂಡಿಗೆ ಐವತ್ತು ಸಲ, ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ. ದವಡೆ ಅದುರಿದಾಗ ಕಣ್ಣೂ ಅದುರುತ್ತದೆ. ಮೇಲಿನ ಗೆರೆ ಬಿದ್ದಾಗ ಕಣ್ಣು ಒಂದು ಕಡೆ, ಕೆಳಗಿನ ಗೆರೆ ಬೀಳುವಾಗ ಇನ್ನೊಂದು ಕಡೆ. ಸೊಟ್ಟಾಗದೆ ಏನು? ಕ್ಯಾಲೆಂಡರಿನ ಬೆಳಕು ಬಿಟ್ಟು ಬಿಟ್ಟು ಬರುವುದಿಲ್ಲವಾದ್ದರಿಂದ ಅದು ಸುಮ್ಮನಿರುತ್ತದೆ.

ಡಬ್ಬಿ ಟಿ.ವಿ. ಹೋಯಿತು, ಆದರೆ ಈ ಆಟ ಹೋಗಿಲ್ಲ. ರೈಲು ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಬೋರ್ಡಿನ ಫೋಟೋ ತೆಗೆದು ನೋಡಿ. ಎಷ್ಟೋ ಸಲ ಅಕ್ಷರ ಅರ್ಧವೇ ಬಂದಿರುತ್ತದೆ. ದೀಪಗಳು ಎಲ್ಲ ಒಟ್ಟಿಗೆ ಉರಿಯದೆ ಸರದಿಯಲ್ಲಿ ಉರಿಯುತ್ತವೆ. ಕಣ್ಣಿಗೆ ಇದು ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಹಾಗಂತ ಕಣ್ಣಿಗೆ ಏನೇನೂ ತಿಳಿಯುವುದಿಲ್ಲ ಅನ್ನುವಂತಿಲ್ಲ. ಹಳೆಯ ಪರದೆಯನ್ನು ನೇರ ನೋಡಿದರೆ ಸ್ಥಿರ, ಓರೆಗಣ್ಣಿನಲ್ಲಿ ನೋಡಿದರೆ ಮಿಣಮಿಣ. ಮಿನುಗನ್ನು ಗುರುತಿಸುವುದರಲ್ಲಿ ಕಣ್ಣಿನ ಅಂಚು ನಡುವಿಗಿಂತ ಚುರುಕು. ಓದಲು ನಡುಭಾಗ, ಪಕ್ಕದಿಂದ ಹಾವು ಬಂತೋ ಬಸ್ಸು ಬಂತೋ ನೋಡಲು ಅಂಚು.

ಕೇಬಲ್ ಹೋದಾಗ ಬರುತ್ತಿದ್ದ ನೀಲಿ ಪರದೆಯನ್ನು ಯಾರಾದರೂ ಸುಮ್ಮನೆ ನೋಡುತ್ತ ಕೂತಿದ್ದೀರಾ? ನಾನು ಕೂತಿದ್ದೇನೆ, ಕೇಬಲ್‌ನವನು ಬರುವವರೆಗೆ. ಮಿರುಗುವ ಸಣ್ಣ ಚುಕ್ಕೆಗಳು ಪುಳಕ್ಕನೆ ಹುಟ್ಟಿ, ಬಾಗಿದ ದಾರಿಯಲ್ಲಿ ಓಡಿ, ಮಾಯವಾಗುತ್ತವೆ. ಒಂದೇ ದಾರಿಯಲ್ಲಿ ಮತ್ತೊಂದು ಬರುತ್ತದೆ. ನಾಡಿಗೆ ಸರಿಯಾಗಿ ಅವುಗಳ ವೇಗ ಏರಿ ಇಳಿಯುತ್ತದೆ. ಇದು ಟಿ.ವಿ.ಯ ದೋಷವಲ್ಲ. ನಿರ್ಮಲವಾದ ನೀಲಿ ಆಕಾಶದಲ್ಲೂ ಕಾಣುತ್ತದೆ, ಮುಂಬಯಿಯಲ್ಲಿ ಅಂಥ ಆಕಾಶ ಸಿಕ್ಕಿದರೆ. ರೆಟಿನಾದ ಮುಂದಿರುವ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಲ್ಲಿ ಕೆಂಪು ರಕ್ತಕಣಗಳು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ, ಬಿಳಿ ರಕ್ತಕಣಗಳು ಬಿಟ್ಟುಕೊಡುತ್ತವೆ. ಆ ಚುಕ್ಕೆ ಅಂದರೆ ನಿಮ್ಮದೇ ಬಿಳಿ ರಕ್ತಕಣ ಹಾದುಹೋದ ಗುರುತು. ನೋಟದ ನಟ್ಟನಡುವೆ ಮಾತ್ರ ಒಂದೂ ಚುಕ್ಕೆ ಇರುವುದಿಲ್ಲ, ಅಲ್ಲಿ ರಕ್ತನಾಳಗಳೇ ಇಲ್ಲ. ಉಳಿದ ರಕ್ತನಾಳಗಳ ನೆರಳು ಇಪ್ಪತ್ತನಾಲ್ಕು ಗಂಟೆಯೂ ರೆಟಿನಾದ ಮೇಲೆ ಬಿದ್ದಿರುತ್ತದೆ, ನಾವು ಕಾಣುವುದಿಲ್ಲ. ಬದಲಾಗದ್ದನ್ನು ಕಣ್ಣು ವರದಿ ಮಾಡುವುದೇ ಇಲ್ಲ.

ಕಣ್ಣು ತನ್ನನ್ನೇ ನೋಡಿಕೊಳ್ಳುವ ಈ ವಿಷಯಕ್ಕೆ ನಮ್ಮ ಬೆಂಗಳೂರಿನಲ್ಲಿ ಒಬ್ಬರು ಮುಪ್ಪಿನ ಕಾಲದಲ್ಲಿ ಅಂಟಿಕೊಂಡು ಕೂತಿದ್ದರು. ಸರ್ ಸಿ.ವಿ. ರಾಮನ್. ನೊಬೆಲ್ ಬಂದದ್ದು 1930ರಲ್ಲಿ, ತಮ್ಮ ಸಂಸ್ಥೆ ಕಟ್ಟಿದ್ದು 1948ರಲ್ಲಿ. ಹೂವುಗಳ ಬಣ್ಣ, ರತ್ನಗಳ ಬಣ್ಣ ಎಂದು ಹೊರಟವರು ಕಡೆಗೆ ಬಣ್ಣ ಕಾಣುವ ಕಣ್ಣಿಗೇ ಬಂದರು. ದೃಷ್ಟಿಯ ಶಾರೀರಿಕತೆಯ ಮೇಲೆ ಅವರ ಇಂಗ್ಲಿಷ್ ಪುಸ್ತಕ 1968ರಲ್ಲಿ, ಅವರಿಗೆ ಎಂಬತ್ತಾದಾಗ ಹೊರಬಂತು. ಅವರ ಒಂದು ಪ್ರಯೋಗಕ್ಕೆ ಬೇಕಾದದ್ದು ಚೆನ್ನಾಗಿ ಬೆಳಗಿದ ಬಿಳಿ ಪರದೆ ಮತ್ತು ಒಂದು ಬಣ್ಣದ ಫಿಲ್ಟರ್, ಅಷ್ಟೇ. ಫಿಲ್ಟರನ್ನು ಕಣ್ಣಿಗೆ ಹಿಡಿದು ಪರದೆಯ ಒಂದು ಬಿಂದುವನ್ನು ಸ್ವಲ್ಪ ಹೊತ್ತು ನೋಡುವುದು, ಕಣ್ಣು ಕದಲಿಸದೆ ಫಿಲ್ಟರನ್ನು ಫಕ್ಕನೆ ತೆಗೆಯುವುದು. ಆಗ ಪರದೆಯ ಮೇಲೆ ಒಂದು ಕ್ಷಣ ಬಣ್ಣದ ಚಿತ್ರ ಮೂಡುತ್ತದೆ. ಫಿಲ್ಟರ್ ತಡೆದಿದ್ದ ಬಣ್ಣಕ್ಕೆ ಕಣ್ಣು ಆ ಹೊತ್ತಿನಲ್ಲಿ ಹಸಿದಿರುತ್ತದೆ. ಮೂಡಿದ ಚಿತ್ರ ನೋಡುವವನ ರೆಟಿನಾದ್ದೇ, ಎಷ್ಟೋ ಪಟ್ಟು ಹಿಗ್ಗಿದ್ದು, ನಡುವಿನ ಗುಳಿಯ ಸಮೇತ. ನಾವು ಬ್ಯಾಂಕಿನಲ್ಲಿ ಸಂಬಳ ತೆಗೆದುಕೊಂಡು ಇದಕ್ಕೆ ಹತ್ತಿರದ ಪ್ರಯೋಗವನ್ನೇ ಮಾಡುತ್ತಿದ್ದೆವು, ಗೊತ್ತಿಲ್ಲದೆ.

ರಾಮನ್ ಇದರಿಂದ ಕಟ್ಟಿದ ಸಿದ್ಧಾಂತ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಮೂರು ಬಗೆಯ ಕೋನ್ ಕೋಶಗಳಿಂದ ಎಲ್ಲ ಬಣ್ಣ ಕಾಣುತ್ತದೆ ಅನ್ನುವುದನ್ನು ಅವರು ಒಪ್ಪಲಿಲ್ಲ, ಹಟ ಹಿಡಿದರು. 1964ರ ಹೊತ್ತಿಗೇ ಅಮೆರಿಕದ ಪ್ರಯೋಗಾಲಯಗಳಲ್ಲಿ ಒಂದೊಂದು ಕೋನ್ ಕೋಶ ಯಾವ ಬೆಳಕು ಹೀರುತ್ತದೆಂದು ಅಳೆದು ಮೂರು ಬಗೆ ಇರುವುದನ್ನು ಕಂಡುಕೊಂಡಿದ್ದರು. ಆದರೂ ಎಂಬತ್ತರ ವಯಸ್ಸಿನಲ್ಲಿ ಬಣ್ಣದ ಫಿಲ್ಟರ್ ಹಿಡಿದು ತನ್ನ ಕಣ್ಣಿನ ಒಳಗನ್ನು ತಾನೇ ನೋಡುತ್ತ ಕೂತವರ ಮೇಲೆ ನನಗೆ ಹೊಟ್ಟೆಕಿಚ್ಚಿದೆ.

ಮೊಬೈಲಿನ ಎರಡು ಸಂಗತಿ ಹೇಳಿಬಿಡುತ್ತೇನೆ. ಬೆಳಗಿನ ಜಾವ, ದೀಪ ಹಾಕದೆ, ಫೋನನ್ನೇ ನೋಡಿ ಕಿಟಕಿಯಾಚೆ ತಲೆ ಎತ್ತಿದರೆ ಕಣ್ಣಲ್ಲಿ ಉಳಿದ ಪರದೆಯ ಚೌಕ ಕತ್ತಲೆಯ ಗುಡ್ಡದ ಮೇಲೆ ನಿಲ್ಲುತ್ತದೆ. ಅಂಗೈಯ ಮೇಲೆ ಅಂಗೈಯಷ್ಟು, ಎದುರಿನ ಗೋಡೆಯ ಮೇಲೆ ಬಾಗಿಲಿನಷ್ಟು, ನ್ಯಾಷನಲ್ ಪಾರ್ಕಿನ ಗುಡ್ಡದ ಮೇಲೆ ಇಪ್ಪತ್ತು ಮಹಡಿಯ ಕಟ್ಟಡದಷ್ಟು. ರೆಟಿನಾದ ಮೇಲಿನ ಗುರುತು ಅಷ್ಟೇ ಇದೆ, ಮೆದುಳು ದೂರ ನೋಡಿ ಗಾತ್ರ ಹೇಳುತ್ತದೆ. ಎಮ್ಮರ್ಟ್ ಎಂಬಾತ 1881ರಲ್ಲಿ ಹೇಳಿದ ನಿಯಮ ಇದು. ಗುಡ್ಡದ ಮೇಲೆ ಕಟ್ಟಡ ಎಬ್ಬಿಸಲು ಬಿಲ್ಡರೇ ಬೇಕೆಂದಿಲ್ಲ!

ಇನ್ನೊಂದಕ್ಕೆ ಜನ ನಿಜವಾಗಿ ಹೆದರಿದ್ದಾರೆ. ರಾತ್ರಿ ಮಗ್ಗುಲಾಗಿ ಮಲಗಿ, ಒಂದು ಕಣ್ಣು ದಿಂಬಿನಲ್ಲಿ ಮುಚ್ಚಿಹೋಗಿ, ಇನ್ನೊಂದರಿಂದ ಫೋನ್ ನೋಡುವುದು. ಫೋನ್ ಇಟ್ಟ ಮೇಲೆ ಕತ್ತಲಲ್ಲಿ ಒಂದು ಕಣ್ಣು ಕುರುಡಾದಂತೆ! ಇಂಗ್ಲೆಂಡಿನ ಇಬ್ಬರು ಮಹಿಳೆಯರು ಪಾರ್ಶ್ವವಾಯು ಇರಬಹುದೆಂದು ತಪಾಸಣೆಗೆ ಒಳಗಾದ ಸಂಗತಿ 2016ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. ಆದದ್ದಿಷ್ಟೇ: ದಿಂಬಿನೊಳಗಿನ ಕಣ್ಣು ಕತ್ತಲೆಗೆ ಒಗ್ಗಿತ್ತು, ಫೋನ್ ನೋಡಿದ ಕಣ್ಣು ಬೆಳಕಿಗೆ ಒಗ್ಗಿತ್ತು. ಕೆಲವು ನಿಮಿಷಗಳಲ್ಲಿ ಎರಡೂ ಸಮ.

ಮಲಗಿದ ಮೇಲೆ ಕಣ್ಣು ಮುಚ್ಚಿದರೂ ಎಕ್ಸೆಲ್ ಹಾಳೆಯೇ ಕಾಣುತ್ತದೆ ಅನ್ನುವವರಿದ್ದಾರೆ. ಇದಕ್ಕೆ ಪರದೆ ಬೇಕಾಗಿಲ್ಲ. ಊರಲ್ಲಿ ದಿನವಿಡೀ ಅಂಗಳದಲ್ಲಿ ಅಡಿಕೆ ಹೆಕ್ಕಿದವರನ್ನು ಕೇಳಿ, ರಾತ್ರಿ ರೆಪ್ಪೆಯ ಒಳಗೂ ಅಡಿಕೆ ಉರುಳುತ್ತಿರುತ್ತದೆ. ಹಾರ್ವರ್ಡಿನ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ ಟೆಟ್ರಿಸ್ ಆಟ ಆಡಿಸಿ ಇದನ್ನು ಪರೀಕ್ಷಿಸಿದರು. ಮರೆವಿನ ಕಾಯಿಲೆಯಿಂದ, ತಾವು ಆಟ ಆಡಿದ್ದೇ ನೆನಪಿಲ್ಲದವರಲ್ಲೂ ಕೆಲವರಿಗೆ ನಿದ್ದೆ ಹತ್ತುವಾಗ ಆಟದ ತುಂಡುಗಳು ಬೀಳುವುದು ಕಂಡಿತು.

ಕಡೆಗೆ, ಲಿಫ್ಟಿನಲ್ಲಿ ನಾನು ನಗದೆ ಉತ್ತರ ಹೇಳುವ ಕೆಲವಿವೆ. ಎಕ್ಸೆಲ್ ಗೆರೆ ಒಂದು ಕಡೆ ಸೊಟ್ಟಗೆ ಬಾಗಿದಂತೆ ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಈವರೆಗೆ ಹೇಳಿದ ದಣಿವಿನ ಆಟಗಳು, ದಿಂಬಿನದೊಂದನ್ನು ಬಿಟ್ಟರೆ, ಎರಡೂ ಕಣ್ಣಿಗೆ ಆಗುವಂಥವು, ಗೆರೆಯನ್ನು ಬಾಗಿಸುವಂಥವಲ್ಲ. ಒಂದೇ ಕಣ್ಣಿನಲ್ಲಿ ಗೆರೆ ಬಾಗಿದರೆ, ಮರುದಿನವೂ ಹಾಗೇ ಇದ್ದರೆ, ಅದು ರೆಟಿನಾದ ನಡುಭಾಗದ ತೊಂದರೆ ಇರಬಹುದು. ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಆಮ್ಸ್‌ಲರ್ ಚಾರ್ಟ್ ಹಿಡಿದು ಹುಡುಕುವುದೂ ಇದನ್ನೇ. ಅಂಕುಡೊಂಕಾದ ಮಿಂಚಿನ ಕಮಾನು ಹುಟ್ಟಿ, ಅರ್ಧ ಗಂಟೆ ಹಿಗ್ಗುತ್ತ ಹೋಗಿ, ಆಮೇಲೆ ತಲೆ ಸಿಡಿದರೆ ಅದು ಮೈಗ್ರೇನಿನದ್ದು. ಬಹಳ ಜನ ಮಾನಿಟರ್ ಕೆಟ್ಟಿತೆಂದು ವೈರು ಅಲುಗಾಡಿಸುತ್ತಾರೆ. ಮೊದಲ ಸಲವಾದರೆ ಡಾಕ್ಟರಿಗೆ ಹೇಳಿ. ಬಿಳಿ ಪರದೆಯ ಮೇಲೆ ಒಂದೆರಡು ದಾರದ ಎಳೆ ತೇಲುವುದು ಎಲ್ಲರಿಗೂ ಇದ್ದದ್ದೇ. ಅವು ಒಮ್ಮೆಗೇ ಮಸಿ ಚೆಲ್ಲಿದಂತೆ ಹೆಚ್ಚಾದರೆ, ಕಣ್ಣಿನ ಪಕ್ಕದಲ್ಲಿ ಮಿಂಚು ಹೊಡೆದರೆ, ಒಂದು ಬದಿಯಿಂದ ಕಪ್ಪು ತೆರೆ ಇಳಿದಂತಾದರೆ ರೆಟಿನಾ ಕಳಚುತ್ತಿರಬಹುದು. ಶನಿವಾರ ರಜೆ ಇದೆ, ಆಗ ಹೋಗುತ್ತೇನೆ ಅನ್ನಬೇಡಿ. ಅದೇ ದಿನ ಹೋಗಿ.